ಸಕ್ಕರೆ ಕಳಿಸದ ಮನೆ

ಮುದಲಗಿ, ೧೧ ಜನವರಿ ೧೯೪೪, ಮಂಗಳವಾರ

ಮುಂಜಾನೆ ಆಡು ಒಂದೇ ಪಾವು ಹಾಲು ಕೊಟ್ಟಿತು. ಅದಕ್ಕೆ ಅಷ್ಟೇ ನೀರು, ಒಂದು ಚಮಚೆ ಸಕ್ಕರೆ. ಕೂಸು ಅರ್ಧ ಕುಡಿದು ಮಲಗಿತು. ಉಳಿದದ್ದನ್ನು ತಣ್ಣೀರಿನ ತಾಟಿನಲ್ಲಿಟ್ಟೆ. ಕೌದಿಯ ಎರಡು ಸಾಲು ಹೊಲಿದೆ.

ಹನ್ನೊಂದರ ಸುಮಾರಿಗೆ ರೇಷನ್ ಕಾರ್ಡಿನ ಕಾರಕೂನ ಬಂದ. ಮನೆ ಮನೆ ತಿರುಗಿ ಬರೆದುಕೊಳ್ಳುತ್ತಿದ್ದಾನೆ. ಇನ್ನು ಮುಂದೆ ಸಕ್ಕರೆ, ಚಿಮಣಿ ಎಣ್ಣೆ ಎಲ್ಲ ಕಾರ್ಡಿನ ಮೇಲೆಯೇ ಅಂತೆ. ಜತೆಗೆ ಚಾವಡಿಯ ಓಡಾಟ ನೋಡುವ ನಮ್ಮೂರ ವಾಲೀಕಾರ ಗುಡ್ಡಪ್ಪ.

"ಮನ್ಯಾಗ ಎಷ್ಟ ಮಂದಿ?"

"ಇಬ್ಬರ್ರಿ. ನಾ, ಮತ್ತ ಈ ಮೊಮ್ಮಗಳು."

"ಹೆಸರು?"

"ತಾರಾಬಾಯಿ. ಕೂಸಿಂದು ಇನ್ನೂ ಇಟ್ಟಿಲ್ರಿ."

"ಇದರ ಅವ್ವ?"

ನಾನು ಕೂಸಿನ ಕುಂಚಿಗೆ ಸರಿಮಾಡಿದೆ. ಗುಡ್ಡಪ್ಪನೇ ಹೇಳಿದ— "ತೀರಕೊಂಡ್ರಿ ಸಾಹೇಬ್ರ. ಹಡದ ದಿನಾನ. ಅಪ್ಪ ಸಂಕೇಶ್ವರದಾಗ ಅದಾನ. ಚೊಚ್ಚಲ ಹೆರಗಿ ಅಂತ ತವರಮನಿಗೆ ಬಂದಿತ್ರಿ ಹುಡುಗಿ."

ಕಾರಕೂನ ಪೆನ್ಸಿಲ್ ನಿಲ್ಲಿಸಿದ. ಹುಟ್ಟಿನ ದಾಖಲೆ ತೋರಿಸಿದರೆ ಬರೆದುಕೊಳ್ಳುತ್ತೇನೆ, ಇಲ್ಲದಿದ್ದರೆ ಆಗುವುದಿಲ್ಲ ಎಂದ. ಎಲ್ಲರೂ ಇಲ್ಲದ ಕೂಸುಗಳನ್ನು ಬರೆಸುತ್ತಾರಂತೆ, ಸಕ್ಕರೆಗಾಗಿ. ನನ್ನ ಮಡಿಲಲ್ಲಿ ಇದ್ದದ್ದು ಅವನಿಗೆ ಕಾಣುತ್ತಿತ್ತು. ಆದರೂ 'ಒಬ್ಬರು' ಎಂದು ಬರೆದುಕೊಂಡು ಹೋದ.

ಸಂಜೆ ಐದಕ್ಕೇ ಊಟ ಮುಗಿಸಿದೆ. ಹೊತ್ತು ಮುಳುಗುವ ಮೊದಲು ಇಷ್ಟು ಬರೆದಿದ್ದೇನೆ. ಎಣ್ಣೆ ಉಳಿಸಬೇಕು.


೧೩ ಜನವರಿ, ಗುರುವಾರ

ಚಾವಡಿಗೆ ಹೋಗಿದ್ದೆ. ನಮ್ಮ ಯಜಮಾನರು ತೀರಿಕೊಂಡ ಮೇಲೆ ಇದೇ ಮೊದಲು. ಒಂಬತ್ತು ವರ್ಷ. ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕಂಬದ ಬಾಜೂ ನಿಂತೆ. ಊರ ಲೆಕ್ಕಪತ್ರ ಬರೆಯುವ ತಲಾಠಿ ರಾಚಪ್ಪನವರು ಒಳ್ಳೆಯವರು, ಕೂಡ್ರಲು ಚಾಪೆ ಹಾಕಿಸಿದರು. ಜನನ-ಮರಣದ ಬುಕ್ಕು ತೆಗೆದರು. ಓದಲು ಬರುತ್ತದೆ ಎಂದೆ. ಬುಕ್ಕು ನನ್ನ ಕಡೆ ತಿರುಗಿಸಿದರು.

ಸಾವಿನ ಪುಟದಲ್ಲಿ ಇದ್ದಾಳೆ. ೧೪-೧೦-೪೩. ರಾಜಮತಿ. ಹೆಣ್ಣು. ವಯಸ್ಸು ೧೯. ಜಾತಿ ಜೈನ. ಬಾಳಂತಿ ಬೇನೆ.

ಹುಟ್ಟಿನ ಪುಟದಲ್ಲಿ ೧೨ನೇ ತಾರೀಖಿಗೆ ಒಂದು ಗಂಡು. ಆಮೇಲೆ ೧೭ಕ್ಕೆ ಒಂದು ಗಂಡು. ನಡುವೆ ಏನೂ ಇಲ್ಲ.

"ನಿಮ್ಮ ಮನಿಂದ ಸಕ್ಕರಿ ಬರಲಿಲ್ಲಲ್ರಿ ತಾರಾಬಾಯಾರ," ಎಂದರು.

ಖರೆ. ಈ ಊರಲ್ಲಿ ನಡೆದುಬಂದದ್ದೇ ಹಾಗೆ. ಕೂಸು ಹುಟ್ಟಿದರೆ ವಾಲೀಕಾರನ ಕೈಯಲ್ಲಿ ಚಾವಡಿಗೆ ಸಕ್ಕರೆ ಕಳಿಸುತ್ತೇವೆ. ತಲಾಠಿ ಚಿಟಿಕೆ ಬಾಯಿಗೆ ಹಾಕಿಕೊಂಡು ಗಂಡೋ ಹೆಣ್ಣೋ ಕೇಳಿ ಬರೆಯುತ್ತಾನೆ. ಬೇರೆ ಹೇಳಿಕೆ ಕೊಡಬೇಕೆಂದು ಯಾರಿಗೂ ಗೊತ್ತಿಲ್ಲ. ರಾಜಮತಿ ಹುಟ್ಟಿದಾಗ ನಮ್ಮ ಯಜಮಾನರು ಪೇಡೆಯನ್ನೇ ಕಳಿಸಿದ್ದರು, ಹೆಣ್ಣಿಗೆ ಪೇಡೆ ಯಾಕೆ ಎಂದು ಮಂದಿ ನಕ್ಕಿದ್ದರು. ಈ ಸಲ ಯಾರು ಕಳಿಸಬೇಕು? ಹೆಣ ಹೊರಗಿಟ್ಟ ಮನೆಯಿಂದ ಸಕ್ಕರೆ ಹೋಗುತ್ತದೆಯೇ? ಆಮೇಲೆ ಸೂತಕ. ನಾನು ಹೊಸ್ತಿಲು ದಾಟಲಿಲ್ಲ, ಬೇರೆಯವರು ಒಳಗೆ ಬರಲಿಲ್ಲ.

ಗುಡ್ಡಪ್ಪ ತಲೆ ತಗ್ಗಿಸಿದ. "ನಾ ಅವತ್ತ ಸತ್ತದ್ದಷ್ಟ ಹೇಳಿದೆನ್ರಿ ಅಕ್ಕಾರ. ಹುಟ್ಟಿದ್ದ ಹೇಳಾಕ ನಾಲಿಗಿ ಏಳಲಿಲ್ಲ."

ಈಗ ಬರೆಯಲು ಬರುವುದಿಲ್ಲ. ಆ ತಿಂಗಳ ಹುಟ್ಟು-ಸಾವಿನ ಪಟ್ಟಿ, ತಖ್ತೆ, ಗೋಕಾಕಕ್ಕೆ ಹೋಗಿದೆ. ಮಾಮಲೇದಾರ ಕಚೇರಿಯಿಂದ ಹುಕುಂ ಬರಬೇಕು.

"ಯಾಕ ತ್ರಾಸ ತಗೋತೀರಿ? ಆರ ವರ್ಷಕ್ಕ ಸಾಲಿಗೆ ಹಾಕತೀರಿ. ಮಾಸ್ತರ ಜೂನ್ ಒಂದ ಅಂತ ಬರಕೋತಾನ. ನಂದೂ ಜೂನ್ ಒಂದ, ನನ್ನ ತಮ್ಮಂದೂ ಜೂನ್ ಒಂದ."

"ಅದ ವರ್ಷದ್ದೂ ಏನ್ರಿ?" ಎಂದ ಗುಡ್ಡಪ್ಪ.

"ಸುಮ್ಮನಿರಲೇ."

ಅವರಿಬ್ಬರೂ ನಕ್ಕರು. ನಾನು ಬುಕ್ಕು ನೋಡುತ್ತಿದ್ದೆ.


೧೪ ಜನವರಿ

ಸಂಕ್ರಾಂತಿ. ಓಣಿಯ ಹೆಂಗಸರು ಎಳ್ಳು ಹಂಚುತ್ತ ನಮ್ಮ ಬಾಗಿಲ ಮುಂದಿನಿಂದ ಹಾದುಹೋದರು. ಹೋದ ವರ್ಷ ರಾಜಮತಿ ಸಂಕೇಶ್ವರದಿಂದ ಡಬ್ಬಿ ಕಳಿಸಿದ್ದಳು.

ಬೆಲ್ಲ ಹಾಕಿ ಹಾಲು ಕುಡಿಸಿ ನೋಡಿದೆ. ಕೂಸಿಗೆ ಹೊಟ್ಟೆ ಕೆಟ್ಟಿತು. ದಿನವಿಡೀ ಅತ್ತಿತು.


೧೫ ಜನವರಿ

ಅರ್ಜಿ ನಾನೇ ಬರೆದೆ. ಮೂರು ಸಲ ಹರಿದು ಹಾಕಿದೆ. 'ನನ್ನ ಮಗಳು ಹಡೆದ ಕೂಸು' ಎಂದು ಬರೆದಾಗ ನನ್ನ ಅಕ್ಷರ ನನಗೇ ಓದಲು ಬರಲಿಲ್ಲ. ಸ್ಟಾಂಪು ಹಚ್ಚಿ ಗುಡ್ಡಪ್ಪನ ಕೈಯಲ್ಲಿ ಕೊಟ್ಟೆ, ಗೋಕಾಕಕ್ಕೆ ಹೊರಟಿದ್ದ.


೩೧ ಜನವರಿ, ಸೋಮವಾರ

ಅರ್ಜಿ ತಿರುಗಿ ಬಂತು. ಕೆಂಪು ಮಸಿಯಲ್ಲಿ ಎರಡು ಸಾಲು. ತಂದೆ ಇರುವಾಗ ಅಜ್ಜಿಯ ಅರ್ಜಿ ನಡೆಯುವುದಿಲ್ಲ. ತಂದೆ ಖುದ್ದು ಬಂದು ಸಹಿ ಮಾಡಬೇಕು. ಸೂಲಗಿತ್ತಿಯ ಜಬಾನಿ, ಅಂದರೆ ಬಾಯಿಹೇಳಿಕೆ, ಬೇಕು.

ತಂದೆ. ಹನ್ನೊಂದನೆಯ ದಿನ ಬಂದು ಪಡಸಾಲೆಯಲ್ಲಿ ಕೂತು ಹೋದವನು ನೇಮಣ್ಣ. ಕೂಸನ್ನು ತರಲೇ ಎಂದು ಒಳಗಿನಿಂದ ಕೇಳಿದ್ದೆ. ಬೇಡ ಎನ್ನಲಿಲ್ಲ, ಹೂಂ ಎನ್ನಲಿಲ್ಲ. ಆಮೇಲೆ ಕಾಗದವೂ ಇಲ್ಲ.


೩ ಫೆಬ್ರವರಿ, ಗುರುವಾರ

ಸೂಲಗಿತ್ತಿ ಹಣಮವ್ವ ಕೂಸಿಗೆ ಎಣ್ಣೆ ತಿಕ್ಕಲು ಬಂದಿದ್ದಳು. ಕಾಲು ಚಾಚಿ ಅದರ ಮೇಲೆ ಬೋರಲು ಹಾಕಿಕೊಂಡಳು. ಅರ್ಜಿಯ ಸಂಗತಿ ಹೇಳಿದೆ. ಅವಳ ಕೈ ನಿಲ್ಲಲಿಲ್ಲ.

"ಬರಸಬ್ಯಾಡ್ರಿ ತಾರಕ್ಕಾರ."

"ಯಾಕ?"

"ಅಪ್ಪನ ಸಹಿ ಬಿತ್ತಂದ್ರ ಅಪ್ಪನ ಕೂಸ ಆಕ್ಕೇತಿ. ಈಗೇನ, ಯಾರ ಕಾಗದದಾಗೂ ಇಲ್ಲ. ನಿಮ್ಮ ಮಡಲಾಗ ಐತಿ. ಯಾರ ಕೇಳ್ಯಾರ? ಆ ಮಂದಿ ಮರತಾರ. ಮರತವರನ್ನ ನೀವ ಕರದು ನೆಪ್ಪ ಮಾಡತೀರಿ."

"ಸಕ್ಕರಿ?"

"ನನ್ನ ಕಾರ್ಡಿನ್ಯಾಗಿಂದ ತಗೋರಿ. ನನಗ ಹಲ್ಲಿಲ್ಲ, ಸೀ ಏನ ಮಾಡಲಿ?"

ಹಲ್ಲಿಗೂ ಸಿಹಿಗೂ ಏನು ಸಂಬಂಧ ಎಂದು ಕೇಳಿದೆ. ಅವಳಿಗೂ ಗೊತ್ತಿರಲಿಲ್ಲ. ಬಹಳ ದಿನಗಳ ಮೇಲೆ ನಕ್ಕೆ.

ಅವಳು ಹೋದ ಮೇಲೆ ಯೋಚಿಸಿದೆ. ಅವಳು ಹೇಳುವುದು ಸರಿ. ಸುಮ್ಮನಿದ್ದರೆ ಕೂಸು ನನ್ನದು. ಆರು ವರ್ಷಕ್ಕೆ ಸಾಲಿ. ಜೂನ್ ಒಂದು. ಯಾರೂ ಏನೂ ಕೇಳುವುದಿಲ್ಲ.


೪ ಫೆಬ್ರವರಿ

ಜೂನ್ ಒಂದು...

ಅವಳು ಬೇನೆ ತಿಂದದ್ದು ಬುಧವಾರ ಮುಂಜಾನೆಯಿಂದ. ಅಂಗೈಗೆ ಅಂಗೈ ಕೊಟ್ಟಿದ್ದೆ, ಉಗುರು ನಟ್ಟ ಗುರುತು ಎಂಟು ದಿನ ಇತ್ತು. ಗುರುವಾರ ಹೊತ್ತೇರಿದಾಗ ಕೂಸು ಅತ್ತಿತು. "ಏನವ್ವಾ?" ಎಂದು ಕೇಳಿದಳು. ಹೆಣ್ಣು ಎಂದೆ. "ಚಲೋ ಆತು" ಎಂದಳು. ಮಧ್ಯಾಹ್ನಕ್ಕೆ ಹೋದಳು. ಆ ಗುರುವಾರವನ್ನು ಬಿಟ್ಟು ಮಾಸ್ತರನ ಜೂನ್ ಒಂದು ಯಾಕೆ ಹಾಕಬೇಕು? ಬುಕ್ಕಿನಲ್ಲಿ ನೋಡಿದವರಿಗೆ ಅವಳು ಸುಮ್ಮನೆ ಸತ್ತವಳು. ಹಡೆದು ಸತ್ತವಳಲ್ಲ. ಬಾಳಂತಿ ಬೇನೆ ಎಂದಿದೆ, ಬಾಳಂತಿಯ ಕೂಸೆಲ್ಲಿ?


೬ ಫೆಬ್ರವರಿ, ಭಾನುವಾರ

ಬಸದಿಗೆ ಹೋಗಿ ಬಂದು ಸಂಕೇಶ್ವರಕ್ಕೆ ಕಾಗದ ಬರೆದೆ. ನೇಮಣ್ಣನಿಗೆ ಅಲ್ಲ. ಅವನ ತಂದೆ ಬಾಬಾಸಾಹೇಬರಿಗೆ. ಅಲ್ಲಿ ಅವರ ಮಾತೇ ನಡೆಯುವುದು. ಸಹಿ ಒಂದೇ ಬೇಕು, ಮತ್ತೇನೂ ಕೇಳುವುದಿಲ್ಲ ಎಂದು ಬರೆದೆ.


೨೧ ಫೆಬ್ರವರಿ, ಸೋಮವಾರ

ಉತ್ತರ ಬಂತು. ಅರ್ಧ ಮರಾಠಿ, ಅರ್ಧ ಕನ್ನಡ. ಮಾಘದಲ್ಲಿ ನೇಮಣ್ಣನ ಎರಡನೆಯ ಲಗ್ನ ಆಯಿತಂತೆ. ತಿಳಿಸಬಾರದೆಂದಲ್ಲ, ನಿಮ್ಮ ಮನಸ್ಸಿಗೆ ನೋವಾಗಬಾರದೆಂದು ತಿಳಿಸಲಿಲ್ಲವಂತೆ.

ಕೆಳಗೆ ಹೀಗಿದೆ. ಓದಿ ಓದಿ ಬಾಯಿಪಾಠವಾಗಿದೆ: 'ಸಹಿಗೆ ನೇಮಣ್ಣನನ್ನು ಕಳಿಸುತ್ತೇನೆ. ಆದರೆ ನಮ್ಮ ಹೆಸರಿನಿಂದ ಬರೆಸಿದ ಮೇಲೆ ಕೂಸು ನಮ್ಮ ಕಾರ್ಡಿನಲ್ಲಿ, ನಮ್ಮ ಮನೆಯಲ್ಲಿ ಇರತಕ್ಕದ್ದು. ಹೆಸರು ನಮ್ಮದು, ಕೂಸು ಬೀಗರ ಮನೆಯಲ್ಲಿ ಎಂದರೆ ನಾಲ್ಕು ಮಂದಿ ಏನೆಂದಾರು. ಅಕ್ಷಯ ತದಿಗೆ ಆದ ಮೇಲೆ ಮಗಳು ಸೀತಾಬಾಯಿ ಬಂದು ಕರೆದುಕೊಂಡು ಬರುವಳು. ಒಪ್ಪಿಗೆ ಇದ್ದರೆ ಬರೆಯಿರಿ. ಇಲ್ಲದಿದ್ದರೆ ಈಗ ಇದ್ದಂತೆ ಇರಲಿ, ನಮ್ಮದೇನೂ ತಕರಾರಿಲ್ಲ.'

ಸಿಟ್ಟಿನ ಕಾಗದವಲ್ಲ. ಅದೇ ಕಷ್ಟ.


೨೨ ಫೆಬ್ರವರಿ

ಕೂಸು ಇವತ್ತು ಮಗ್ಗಲಾಯಿತು. ತಾನೇ ಮಗುಚಿ, ಕೈ ಕೆಳಗೆ ಸಿಕ್ಕಿಹಾಕಿಕೊಂಡು, ನನ್ನ ಮುಖ ನೋಡಿತು. ಕರೆದು ತೋರಿಸಲು ಮನೆಯಲ್ಲಿ ಯಾರೂ ಇಲ್ಲ.


೧೭ ಮಾರ್ಚ್, ಶುಕ್ರವಾರ

ಒಪ್ಪಿಗೆ ಬರೆದು ಟಪಾಲು ಪೆಟ್ಟಿಗೆಗೆ ಹಾಕಿದೆ.

ಹಣಮವ್ವನಿಗೆ ಹೇಳಿದೆ. ಇವತ್ತು ಎಣ್ಣೆ ಬಹಳ ಹೊತ್ತು ತಿಕ್ಕಿದಳು.


೨೭ ಮಾರ್ಚ್, ಸೋಮವಾರ, ಸಂಜೆ

ಯುಗಾದಿ ಮುಗಿದ ಮೇಲೆ ನೇಮಣ್ಣ ಬಂದ. ಬಡವಾಗಿದ್ದಾನೆ. ಪಡಸಾಲೆಯಲ್ಲಿ ಅದೇ ಜಾಗದಲ್ಲಿ ಕೂತ. ಬಾಗಿಲ ಮರೆಯಲ್ಲಿ ನಿಂತು ಚಹಾ ಸರಿಸಿದೆ. ಅದರಲ್ಲಿ ಸಕ್ಕರೆ ಹಾಕಲೋ ಬೇಡವೋ ಎಂದು ಒಳಗೆ ಬಹಳ ಹೊತ್ತು ನಿಂತಿದ್ದೆ. ಹಾಕಿದೆ.

ಈ ಸಲ ಕೇಳದೆ ಕೂಸನ್ನು ತಂದು ಅವನ ಮುಂದೆ ಚಾಪೆಯ ಮೇಲೆ ಮಲಗಿಸಿದೆ. ನೋಡಿದ. ಬೆರಳು ಚಾಚಿದ. ಕೂಸು ಹಿಡಿದುಕೊಂಡಿತು, ಬಿಡಲಿಲ್ಲ. ಚಹಾ ಆರಿಹೋಯಿತು.

"ಅತ್ತಿ, ಹಣಿ ಆಕಿದ ಐತಿ," ಎಂದ.

ಆರು ತಿಂಗಳಲ್ಲಿ ಅವಳ ಸಾವಿನದಲ್ಲ, ಅವಳ ಮಾತೆತ್ತಿದ ಮೊದಲನೆಯವನು. ಸಿಟ್ಟು ಇಟ್ಟುಕೊಂಡಿದ್ದೆ. ಎಲ್ಲಿ ಹೋಯಿತೋ.


೨೮ ಮಾರ್ಚ್, ಮಂಗಳವಾರ

ಗೋಕಾಕಕ್ಕೆ ಹೋಗಿ ಬಂದೆವು. ಇದ್ದಿಲ ಗ್ಯಾಸಿನ ಬಸ್ಸು, ಏರಿನಲ್ಲಿ ಎರಡು ಸಲ ನಿಂತಿತು. ಗಂಡಸರು ಇಳಿದು ನೂಕಿದರು. ಹಣಮವ್ವ ಮೊದಲ ಸಲ ಬಸ್ಸು ಹತ್ತಿದ್ದು. ಕಣ್ಣು ಮುಚ್ಚಿ ಸೀಟು ಹಿಡಿದುಕೊಂಡೇ ಇದ್ದಳು.

ಕಚೇರಿಯಲ್ಲಿ ಎರಡು ಗಂಟೆ ಕೂತೆವು. ಆಮೇಲೆ ಕೂಗಿದರು. ಕಾರಕೂನ ಮೊದಲು ಹಣಮವ್ವನ ಜಬಾನಿ ತೆಗೆದುಕೊಂಡ.

"ನಿನ್ನ ವಯಸ್ಸೆಷ್ಟಬೇ?"

"ನನಗೇನ ಗೊತ್ರಿ ಸಾಹೇಬ್ರ. ಊರಾಗ ಅರ್ಧಾ ಮಂದಿನ ನಾ ಹಿಡದೇನಿ. ನನ್ನ ಹಿಡದಾಕಿ ಸತ್ತ ಹೋಗ್ಯಾಳ."

"ಅಂದಾಜ?"

"ನೀವ ಬರಕೋರಿ. ಸಣ್ಣಾಕಿ ಅಂತ ಬರದ್ರ ನಾ ಬ್ಯಾಡ ಅನ್ನೂದಿಲ್ಲ."

ಕಾರಕೂನ ನಗು ತಡೆದುಕೊಂಡು ಅರವತ್ತು ಎಂದು ಬರೆದ. ಆಮೇಲೆ ಕೇಳಿದ— ಇಷ್ಟು ಕೂಸು ಹಿಡಿದವಳಿಗೆ ಇದು ಅದೇ ದಿನ ಹುಟ್ಟಿದ್ದು ಎಂದು ಹೇಗೆ ನೆನಪು?

ಹಣಮವ್ವ ನನ್ನ ಕಡೆ ನೋಡಲಿಲ್ಲ. "ಅವತ್ತ ನಾ ಎರಡ ಮೈ ತೊಳದೇನ್ರಿ. ಮೊದಲ ಕೂಸಿಂದು. ಆಮ್ಯಾಲ ಅವ್ವಂದು."

ಕಾರಕೂನ ಹೆಬ್ಬೆಟ್ಟು ಒತ್ತಿಸಿಕೊಂಡ.

ನೇಮಣ್ಣ ಸಹಿ ಮಾಡಿದ. ಕೂಸಿನ ಹೆಸರು ಕೇಳಿದರು. ಹೆಸರು ಸೋದರತ್ತೆ ಇಡಬೇಕು, ಇನ್ನೂ ಇಟ್ಟಿಲ್ಲ ಎಂದ. ಬೇಕಿಲ್ಲ, ಹೆಣ್ಣು ಎಂದು ಬರೆದರೆ ಸಾಕು. ಕೊನೆಗೆ ಕಾರಕೂನ ಪೆನ್ನು ಮಸಿಯಲ್ಲಿ ಅದ್ದಿ ಕೇಳಿದ—

"ಕೂಸಿನ ವಸ್ತಿ ಎಲ್ಲಿ ಬರೀಲಿ? ಮುದಲಗಿಯೋ, ಸಂಕೇಶ್ವರೋ?"

ನೇಮಣ್ಣ ನನ್ನ ಕಡೆ ತಿರುಗಿದ. ಅವನೇ ಹೇಳಬಹುದಿತ್ತು. ಅಪ್ಪನ ಕಾಗದ ಅವನ ಕಿಸೆಯಲ್ಲೇ ಇತ್ತು. ಹೇಳಲಿಲ್ಲ. ಮುದಲಗಿ ಎಂದು ನಾನು ಅಂದಿದ್ದರೆ ಅವನು ಸುಮ್ಮನಿರುತ್ತಿದ್ದ ಎಂದು ಆ ಕ್ಷಣ ನನಗೆ ಖಾತ್ರಿಯಾಯಿತು. ಊರಿಗೆ ಹೋಗಿ ಅಪ್ಪನ ಬೈಗುಳ ತಿನ್ನುತ್ತಿದ್ದ. ಕೂಸು ನನ್ನ ಭುಜದ ಮೇಲೆ ಮಲಗಿತ್ತು. ಜೊಲ್ಲಿನಿಂದ ಸೆರಗು ಹಸಿಯಾಗಿತ್ತು.

ಒಪ್ಪಿಗೆ ಬರೆದು ಕೊಟ್ಟಾಗಿದೆ. ನನಗೆ ನಲವತ್ತೆಂಟು. ಇವಳ ಲಗ್ನದ ಹೊತ್ತಿಗೆ ನಾನಿರುತ್ತೇನೋ ಇಲ್ಲವೋ. ಅಪ್ಪನ ಮನೆಯಿಂದ ಹೊರಗೆ ಬೆಳೆದವಳಿಗೆ ಆಮೇಲೆ ಅಲ್ಲಿ ಜಾಗ ಇರುತ್ತದೆಯೋ ಇಲ್ಲವೋ. ಇದೆಲ್ಲ ಆಗ ಯೋಚಿಸಿದೆನೋ, ಈಗ ಬರೆಯುವಾಗ ಯೋಚಿಸುತ್ತಿದ್ದೇನೋ.

"ಸಂಕೇಶ್ವರ ಬರೀರಿ," ಎಂದೆ.

ಬರುವಾಗ ಬಸ್ಸಿನಲ್ಲಿ ಹಣಮವ್ವ ಕಣ್ಣು ಮುಚ್ಚಲಿಲ್ಲ. ಕಿಡಕಿಯ ಹೊರಗೆ ನೋಡುತ್ತಿದ್ದಳು.


೧೨ ಏಪ್ರಿಲ್, ಬುಧವಾರ

ಹುಕುಂ ಬಂತು. ರಾಚಪ್ಪನವರು ಹೇಳಿ ಕಳಿಸಿದರು. ನಾನು ಬಂದ ಮೇಲೆಯೇ ಬರೆಯಬೇಕೆಂದು ಬುಕ್ಕು ತೆರೆದಿಟ್ಟುಕೊಂಡಿದ್ದರು.

ಹನ್ನೆರಡಕ್ಕೂ ಹದಿನೇಳಕ್ಕೂ ನಡುವೆ ಜಾಗ ಇಲ್ಲ. ಕೊನೆಯಲ್ಲೇ ಬರೆಯಬೇಕು, ಈ ತಿಂಗಳು ಹುಟ್ಟಿದವುಗಳ ಕೆಳಗೆ. ಆದರೆ ತಾರೀಖು ಅದೇ. ೧೪-೧೦-೪೩. ಹೆಣ್ಣು. ತಂದೆ ನೇಮಣ್ಣ, ಸಂಕೇಶ್ವರ, ತಾಲೂಕು ಹುಕ್ಕೇರಿ. ಹುಟ್ಟಿದ ಊರು ಮುದಲಗಿ. ಅಷ್ಟಕ್ಕೆ ಪೆನ್ನು ಎತ್ತಿದರು.

"ಅವ್ವನ ಹೆಸರ್ರಿ?" ಎಂದೆ.

"ಅದನ್ನ ಬರಿಯೂ ಮನಿ ಇಲ್ರಿ ಈ ಪುಟದಾಗ. ತಂದಿದಷ್ಟ."

ನಾನು ಎದ್ದು ನಿಲ್ಲಲಿಲ್ಲ. ಗುಡ್ಡಪ್ಪ ಬಾಗಿಲಲ್ಲಿ ಕೆಮ್ಮಿದ. ರಾಚಪ್ಪನವರು ಪೆನ್ನು ಮತ್ತೆ ಮಸಿಯಲ್ಲಿ ಅದ್ದಿದರು. ಆಮೇಲೆ ಕೊನೆಯ ಕಡೆ, ಶೇರಾ ಬರೆಯುವ ಸಣ್ಣ ಜಾಗದಲ್ಲಿ ಸಣ್ಣ ಅಕ್ಷರದಲ್ಲಿ ಬರೆದರು: 'ತಾಯಿ ರಾಜಮತಿ, ಅದೇ ದಿನ ಮಯತ. ಹುಕುಂ ಪ್ರಕಾರ ತಡವಾಗಿ ನೋಂದಾಯಿಸಿದೆ.'

"ಯಾರರ ಕೇಳಿದ್ರ ನಾ ಜವಾಬ ಕೊಡತೇನಿ," ಎಂದರು. ಮಸಿ ಆರುವ ತನಕ ಕೂತಿದ್ದೆ. ಬೆರಳು ಮುಟ್ಟಿಸಲಿಲ್ಲ, ಅಳಿಸಬಾರದೆಂದು.

ಮನೆಗೆ ಬಂದ ಮೇಲೆ ಮಾಡಲು ಕೆಲಸವೇ ಇರಲಿಲ್ಲ. ಮೂರು ತಿಂಗಳು ಇದೊಂದೇ ಕೆಲಸ ಆಗಿತ್ತು.


೨೮ ಏಪ್ರಿಲ್, ಶುಕ್ರವಾರ

ಸೀತಾಬಾಯಿ ಬಂದಳು. ನೇಮಣ್ಣನ ಅಕ್ಕ. ಗಂಡ ಬಿಟ್ಟು ತವರಿನಲ್ಲೇ ಇದ್ದಾಳೆ, ಮಕ್ಕಳಿಲ್ಲ. ನಾನು ಅವಳನ್ನು ಕೆಟ್ಟವಳೆಂದು ಎಣಿಸಿಟ್ಟುಕೊಂಡಿದ್ದೆ. ಹಾಗಿಲ್ಲ. ಬಂದವಳೇ ಕಾಲು ತೊಳೆಯುವ ಮೊದಲೇ ಕೂಸನ್ನು ಎತ್ತಿಕೊಂಡಳು.

"ಅಯ್ಯ ಬೀಗತಿ, ಇದನ್ನ ಎಷ್ಟ ಹಗರ ಮಾಡೀರಿ. ಗಾಳಿ ಬಿಟ್ರ ಹಾರಿ ಹೋಕ್ಕೇತಿ."

"ಆಡಿನ ಹಾಲು, ಮತ್ತೇನ ಕೊಡಲಿ?"

"ನಮ್ಮ ಎಮ್ಮಿ ಐತಿ. ನೋಡಕೋತ ಇರ್ರಿ, ವರ್ಷದಾಗ ನನ್ನಂಗ ಮಾಡತೇನಿ." ಅವಳು ಒಳ್ಳೆ ಗಾತ್ರದ ಹೆಂಗಸು. ತಾನೇ ನಕ್ಕಳು. ಕೂಸೂ ನಕ್ಕಿತು. ಅದು ಬೇರೆಯವರ ಮುಖ ನೋಡಿ ನಕ್ಕದ್ದನ್ನು ನಾನು ನೋಡಿರಲಿಲ್ಲ. ಬೇರೆಯವರು ಮನೆಗೆ ಬಂದದ್ದಾದರೂ ಯಾವಾಗ?

ಸಂಜೆ ಕೇಳಿದಳು— "ಖರೆ ಹೇಳ್ರಿ, ನನ್ನ ಮ್ಯಾಲ ಸಿಟ್ಟ ಐತೇನ?"

ಇಲ್ಲ ಎಂದೆ. ಅರ್ಧ ಖರೆ.


೨೯ ಏಪ್ರಿಲ್, ಶನಿವಾರ

ಹೆಸರಿಟ್ಟರು. ಓಣಿಯ ಐದು ಜನ ಮುತ್ತೈದೆಯರು ಬಂದರು. ತೊಟ್ಟಿಲು ಇಲ್ಲ, ನನ್ನ ಕೌದಿಯಲ್ಲೇ ತೂಗಿದರು. ಸೀತಾಬಾಯಿ ಕಿವಿಯಲ್ಲಿ ಮೂರು ಸಲ ಹೇಳಿದಳು. ಸುನಂದಾ. ನಾನು ಅಡುಗೆ ಮನೆಯ ಬಾಗಿಲಲ್ಲಿದ್ದೆ. ಶುಭಕಾರ್ಯ, ಮುಂದೆ ಬರಬಾರದು. ಹಣಮವ್ವನೂ ಹೊರಗಿನ ಕಟ್ಟೆಯ ಮೇಲೆ ಕೂತಿದ್ದಳು. ಅಲ್ಲಿಂದಲೇ ಕೂಗಿ ಕೇಳಿದಳು, "ಏನಿಟ್ರಿ?" ನಾನು ಹೇಳಿದೆ. ಹೊಸ ಹೆಸರು. ನನ್ನ ಬಾಯಿಗೆ ಸರಿಯಾಗಿ ಬರಲಿಲ್ಲ.

ನಾಳೆ ಹತ್ತರ ಬಸ್ಸು.


೩೦ ಏಪ್ರಿಲ್, ಭಾನುವಾರ, ಮುಂಜಾನೆ ಎಂಟು

ಅಂಗಿ ಆರು, ಕುಂಚಿಗೆ ಎರಡು, ಕೌದಿ ಒಂದು ಗಂಟು ಕಟ್ಟಿದೆ. ಸೀತಾಬಾಯಿ ಬಸದಿಗೆ ಹೋಗಿದ್ದಾಳೆ, ಬರುವಷ್ಟರಲ್ಲಿ ಕುಡಿಸಿ ಇಡಬೇಕು. ಕೂಸು ಇನ್ನೂ ಎದ್ದಿಲ್ಲ. ಎಬ್ಬಿಸಲು ಮನಸ್ಸಿಲ್ಲ.

ಎದ್ದರೆ ಮೊದಲು ಬಲಕ್ಕೆ ತಿರುಗಿ ನೋಡುತ್ತದೆ. ಆರು ತಿಂಗಳು ನಾನು ಬಲಕ್ಕೇ ಮಲಗಿದ್ದೇನೆ. ನಾನು ಕಂಡರೆ ಸುಮ್ಮನೆ ಕೈ ಆಡಿಸುತ್ತ ಇರುತ್ತದೆ. ನೀರಿಗೆ ಹೋಗಿದ್ದರೆ ಅಳುತ್ತದೆ.

ಸೀತಾಬಾಯಿಗೆ ಇದನ್ನು ಹೇಳಬೇಕು, ಬಲಕ್ಕೆ ಮಲಗಿರಿ ಎಂದು. ನಿನ್ನೆಯಿಂದ ಬಾಯಿಗೆ ಬಂದು ಹೋಗುತ್ತಿದೆ. ಹೇಳಿದರೆ ಕೂಸು ಎರಡು ದಿನದಲ್ಲಿ ಹೊಂದಿಕೊಳ್ಳುತ್ತದೆ, ಬಲಕ್ಕೆ ಇದ್ದವಳೇ ತನ್ನವಳೆಂದು. ಹೇಳದಿದ್ದರೆ ಸ್ವಲ್ಪ ದಿನ ಹುಡುಕುತ್ತದೆ. ಒಬ್ಬರಾದರೂ ನನ್ನನ್ನು ಹುಡುಕಲಿ ಎಂದು ಕೂಸನ್ನು ಅಳಿಸುವುದೇ?

ಹೇಳುತ್ತೇನೆ. ಬಸ್ಸು ಹತ್ತುವ ಮುಂಚೆ ಹೇಳುತ್ತೇನೆ.

ಎದ್ದಿತು. ಬಲಕ್ಕೆ—